ಆ್ಯಪ್ ಹಸಿರು ತೋರಿಸ್ತಿದೆ, ದೋಣಿ ಬಿಡಬಹುದಾ?

ಮಳೆ ಕಡಿಮೆಯಾಗಿ ಕಡಲು ಸ್ವಲ್ಪ ಇಳಿದ ಕೂಡಲೇ ಇವೇ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಪ್ರತಿ ವರ್ಷ ಉತ್ತರ ಬರೆಯುತ್ತೇನೆ, ಮುಂದಿನ ವರ್ಷ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಚುಟುಕಾಗಿ.

ಪ್ರಶ್ನೆ: ನಾವು ಆರು ಜನ ಗೆಳೆಯರು. 22 ಅಡಿಯ ಫೈಬರ್ ದೋಣಿ, ಔಟ್‌ಬೋರ್ಡ್ ಇಂಜಿನ್. ಅಕ್ಟೋಬರ್ ಕೊನೆಗೆ ಬೆಳಗ್ಗೆ ಮಲ್ಪೆಯಿಂದ ಹೊರಟು ಗಂಗೊಳ್ಳಿಯಲ್ಲಿ ಊಟ ಮಾಡಿ ಸಂಜೆ ವಾಪಸ್ ಬರುವ ಪ್ಲ್ಯಾನ್. ಆ್ಯಪ್‌ನಲ್ಲಿ ಗಾಳಿ 8 ನಾಟ್, ಅಲೆ 1.2 ಮೀಟರ್, ಎಲ್ಲಾ ಹಸಿರು. ಹೋಗಬಹುದಾ?

ಗಾಳಿ ಹೇಳಿದಿರಿ, ಅಲೆಯ ಎತ್ತರ ಹೇಳಿದಿರಿ. ಎತ್ತರದ ಪಕ್ಕದಲ್ಲೇ ಸೆಕೆಂಡ್ ಲೆಕ್ಕದ ಇನ್ನೊಂದು ಅಂಕಿ ಇರುತ್ತದೆ. ಒಂದು ಅಲೆ ಬಂದು ಮುಂದಿನದು ಬರುವ ತನಕದ ಹೊತ್ತು ಅದು. ನನಗೆ ಬರೆಯುವವರು ಅದನ್ನು ಬಿಟ್ಟೇ ಬರೆಯುತ್ತಾರೆ. ನಾನು ಮೊದಲು ನೋಡುವುದೇ ಅದನ್ನು.

6 ಸೆಕೆಂಡಿನ ಅಲೆ ಹತ್ತಿರದ ಗಾಳಿ ಎಬ್ಬಿಸಿದ್ದು. ದೋಣಿಯನ್ನು ಕುಲುಕಿಸುತ್ತದೆ, ಮೈ ಒದ್ದೆ ಮಾಡುತ್ತದೆ. 14-15 ಸೆಕೆಂಡಿನ ಅಲೆ ದಕ್ಷಿಣದ ಮಹಾಸಾಗರದಲ್ಲಿ, ಸಾವಿರಾರು ಕಿಲೋಮೀಟರ್ ಆಚೆ ಎದ್ದು ಬಂದದ್ದು. ಇಲ್ಲಿ ಎಲೆ ಅಲ್ಲಾಡದ ದಿನವೂ ಅದು ಬರುತ್ತದೆ. ಕೇರಳದವರು ಇದಕ್ಕೆ 'ಕಳ್ಳಕ್ಕಡಲ್' ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಆಳದ ನೀರಿನಲ್ಲಿ ಅದು ಬಂದದ್ದೇ ಗೊತ್ತಾಗುವುದಿಲ್ಲ. ಒಂದು ತುದಿಯಿಂದ ಇನ್ನೊಂದಕ್ಕೆ 300 ಮೀಟರ್ ಉದ್ದ ಇರುವುದರಿಂದ ದೋಣಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ ಅಷ್ಟೆ. ಕೆಳಗೆ ಮರಳು ಸಿಕ್ಕಿತೋ, ಅದೇ ಅಲೆ ಎದ್ದು ನಿಲ್ಲುತ್ತದೆ.

1.2 ಮೀಟರ್ ಅಂದರೆ ಎಲ್ಲ ಅಲೆಯೂ 1.2 ಅಲ್ಲ. ಬರುವ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳನ್ನು ಮಾತ್ರ ತೆಗೆದುಕೊಂಡು ಮಾಡಿದ ಸರಾಸರಿ ಅದು. ನಡುವೆ ಅದರ ಎರಡರಷ್ಟು ಹತ್ತಿರದ ಅಲೆಯೂ ಬರುತ್ತದೆ. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗದಷ್ಟಾದರೆ ಅದು ಒಡೆಯುತ್ತದೆ. ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಮರಳು ಕಟ್ಟಿ ಇಳಿತದ ಹೊತ್ತಿಗೆ 2 ಮೀಟರ್ ನೀರು ಉಳಿದಿದೆ ಅಂದುಕೊಳ್ಳಿ. ಒಂದೂವರೆ ಮೀಟರಿನ ಅಲೆ ಅಲ್ಲೇ ಮುರಿದು ಬೀಳುತ್ತದೆ. ಅದೇ ಹೊತ್ತಿಗೆ ಹೊಳೆಯ ನೀರು ಎದುರಿನಿಂದ ಹೊರಗೆ ನುಗ್ಗುತ್ತಿರುತ್ತದೆ. ಎದುರು ಸೆಳೆತಕ್ಕೆ ಸಿಕ್ಕ ಅಲೆ ಉದ್ದದಲ್ಲಿ ಕುಗ್ಗಿ, ಕಡಿದಾಗಿ ಗೋಡೆಯ ಹಾಗಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನ ಈ ಸೆಳೆತ ಇನ್ನೂ ಜಾಸ್ತಿ. ಆ್ಯಪ್‌ಗೆ ಇದು ಕಾಣಿಸುವುದೇ ಇಲ್ಲ. ಅದು ನೋಡುವ ಒಳ್ಳೆಯ ಕಂಪ್ಯೂಟರ್ ಮಾದರಿಯೇ ಸುಮಾರು ಒಂಬತ್ತು ಕಿಲೋಮೀಟರಿಗೆ ಒಂದು ಚುಕ್ಕಿ ಇಟ್ಟು ಲೆಕ್ಕ ಹಾಕುತ್ತದೆ. ನಿಮ್ಮ ಅಳಿವೆ ಬಾಗಿಲು ಆ ಚುಕ್ಕಿಗಳ ನಡುವೆ ಎಲ್ಲೋ ಕಳೆದುಹೋಗಿರುತ್ತದೆ.

ಈಗ ನಿಮ್ಮ ಪ್ರಯಾಣ. ಮಲ್ಪೆಯಿಂದ ಗಂಗೊಳ್ಳಿಗೆ ಸುಮಾರು 17 ನಾಟಿಕಲ್ ಮೈಲಿ, ನಿಮ್ಮ ದೋಣಿಗೆ ಎರಡು ಗಂಟೆಯ ದಾರಿ. ಬೆಳಗ್ಗೆ ನೆಲದ ಕಡೆಯಿಂದ ಮೂಡು ಗಾಳಿ ಮೆಲ್ಲಗೆ ಬೀಸುತ್ತದೆ, ದಡದ ಹತ್ತಿರ ನೀರು ಎಣ್ಣೆಯ ಹಾಗಿರುತ್ತದೆ. ಅದನ್ನು ನೋಡಿಯೇ ಎಲ್ಲರಿಗೂ ಧೈರ್ಯ ಬರುವುದು. ಮಧ್ಯಾಹ್ನ ಬಡಗು-ಪಡುವಣದಿಂದ ಗಾಳಿ ಏಳುತ್ತದೆ. ವಾಪಸ್ ತೆಂಕಕ್ಕೆ ಬರುವಾಗ ಅದು ಬೆನ್ನಿಗೆ. ದೋಣಿ ಹಗುರವಾಗಿ ಓಡುತ್ತದೆ, ಮುಖಕ್ಕೆ ನೀರು ಹೊಡೆಯುವುದಿಲ್ಲ, ಎಲ್ಲಾ ಸರಿಯಿದೆ ಅನ್ನಿಸುತ್ತದೆ. ಹಾಗೇ ಅಳಿವೆ ಬಾಗಿಲಿಗೆ ಬರುತ್ತೀರಿ. ಹೊರಗಿನಿಂದ ನೋಡಿದರೆ ಒಡೆಯುವ ಅಲೆಯ ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ನುಣ್ಣಗಿರುತ್ತದೆ. ಬಿಳಿ ನೊರೆ ಇರುವುದು ಆಚೆ ಮಗ್ಗುಲಲ್ಲಿ, ದಡದಲ್ಲಿ ನಿಂತವರಿಗೆ ಕಾಣುವ ಕಡೆ.

ನನಗೂ ಒಂದು ಸಲ ಹೀಗೇ ಆಗಿದೆ. ಆಗಸ ಶುಭ್ರ, ಗಾಳಿ ಇಲ್ಲ. ಬಾಗಿಲಿನ ಹೊರಗೆ ಇಂಜಿನ್ ನಿಧಾನ ಮಾಡಿ ನೋಡುತ್ತಿದ್ದೆ. ಮೂರು ಸಣ್ಣ ಅಲೆ ಹೋದವು. ಹೋಗೋಣ ಅಂತ ಕೈ ಥ್ರಾಟಲ್‌ಗೆ ಹೋಗಿತ್ತು. ಅಷ್ಟರಲ್ಲಿ ಜೊತೆಗಿದ್ದ ದೋಣಿ ನಡೆಸುವ ಹಿರಿಯ ತಂಡೇಲರು "ತಡಿ ಮಾರಾಯ" ಅಂದರು. ನಾಲ್ಕನೆಯದು ನಮ್ಮ ಕೆಳಗೆ ಹಾದು ಹೋಯಿತು, ಮುಂದೆ ಹೋಗಿ ಎದ್ದಿತು, ತುದಿಯಿಂದ ಹೊಗೆಯ ಹಾಗೆ ನೀರು ಹಾರಿತು. ಆಮೇಲೆ ಸದ್ದು ಕೇಳಿಸಿತು. ಎರಡು ಗಂಟೆ ಹೊರಗೇ ಕಾದೆವು. ಭರತ (ಉಬ್ಬರ) ಏರಿ ಸೆಳೆತ ತಿರುಗಿದ ಮೇಲೆ ಅದೇ ಜಾಗದಲ್ಲಿ ಸಲೀಸಾಗಿ ಒಳಗೆ ಬಂದೆವು.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಿ. ಮಲ್ಪೆಯಲ್ಲಿ ಸಂಜೆ ಭರತ ಎಷ್ಟು ಹೊತ್ತಿಗೆ ಏರುತ್ತದೆ? ಏರುತ್ತಿರುವಾಗಲೇ, ಬೆಳಕಿರುವಾಗಲೇ ಒಳಗೆ ಬರುವ ಹಾಗೆ ಗಂಗೊಳ್ಳಿ ಬಿಡಿ. ಬೆಳಗ್ಗೆ ಗಂಗೊಳ್ಳಿಯ ಬಾಗಿಲಿಗೂ ಇದೇ ಲೆಕ್ಕ. ಎರಡೂ ಕೂಡಿ ಬರದಿದ್ದರೆ ಆ ದಿನ ಬೇಡ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನಾಲ್ಕೈದು ದಿನ ಕಾದರೆ ಹೊತ್ತು ಬದಲಾಗುತ್ತದೆ. ಹಿಂದಿನ ಸಂಜೆ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ಮುನ್ಸೂಚನೆ, ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ಎರಡನ್ನೂ ಓದಿ. ಬೆಳಗ್ಗೆ ಅಲೆ ತಡೆಯುವ ಕಲ್ಲುಗೋಡೆಯ (ಬ್ರೇಕ್‌ವಾಟರ್) ತುದಿಗೆ ಹೋಗಿ 20 ನಿಮಿಷ ವಾಚ್ ಹಿಡಿದು ನಿಲ್ಲಿ. ಐದು ನಿಮಿಷ ಸಾಲದು, ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಎರಡು ಅಲೆಗಳ ನಡುವೆ 12 ಸೆಕೆಂಡ್ ಮೀರಿ, ಬಾಗಿಲಿನಲ್ಲಿ ಒಂದೇ ಒಂದು ಅಲೆ ಒಡೆದರೂ ನಾನಾದರೆ ದೋಣಿ ಬಿಡುವುದಿಲ್ಲ. ಅತಿ ಎಚ್ಚರಿಕೆ ಅಂತ ನನ್ನ ಶಿಷ್ಯರೇ ಹೇಳುತ್ತಾರೆ, ಹೇಳಲಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿ ಹಲವರು ತೀರಿಕೊಂಡರು. ಅದು ಮಳೆಗಾಲ ಅಲ್ಲ.

ಪ್ರಶ್ನೆ: ಫೋನಿನ ಬ್ಯಾರೋಮೀಟರ್ ಮಧ್ಯಾಹ್ನಕ್ಕೆ 3 ಮಿಲಿಬಾರ್ ಇಳಿಯಿತು. ತೂಫಾನ್ ಬರ್ತದಾ?

ಇಲ್ಲ. ನಮ್ಮ ಕಡೆ ಒತ್ತಡ ದಿನಾ ಬೆಳಗ್ಗೆ ಹತ್ತರ ಸುಮಾರಿಗೆ ಏರಿ ಸಂಜೆ ನಾಲ್ಕಕ್ಕೆ ಅಷ್ಟು ಇಳಿಯುತ್ತದೆ. ಚಳಿದೇಶದ ಪುಸ್ತಕದ ಲೆಕ್ಕವನ್ನು ಇಲ್ಲಿ ಹೇಳಿಕೊಡುವವರ ಮೇಲೆ ನನಗೆ ಸಿಟ್ಟಿದೆ. ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು ಅಂತ ನೋಡಿ. ಅದಕ್ಕಿಂತ 3 ಇಳಿದಿದ್ದರೆ ದಡದಲ್ಲೇ ಇರಿ.

ಪ್ರಶ್ನೆ: ಹದಿನೈದು ದಿನದ ಕಡಲನ್ನು ಖಚಿತವಾಗಿ ಹೇಳುವ ವಾಟ್ಸಾಪ್ ಗ್ರೂಪ್‌ಗೆ ದುಡ್ಡು ಕಟ್ಟಬಹುದಾ?

ಬೇಡ. ಹದಿನೈದು ದಿನದ ಕಡಲನ್ನು ಖಚಿತವಾಗಿ ಹೇಳುವವರು ಯಾರೂ ಇಲ್ಲ. ಸರ್ಕಾರದ ಮುನ್ಸೂಚನೆಗೆ ದುಡ್ಡು ಕೊಡಬೇಕಾಗಿಲ್ಲ.

ಪ್ರಶ್ನೆ: ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಆದ ಮೇಲೆ ಕಡಲು ಶಾಂತವಾಗುತ್ತದೆ ಅಲ್ವಾ?

ಪೂಜೆಗೆ ನಾನೂ ಹೋಗುತ್ತೇನೆ. ಆದರೆ ಆಗಸ್ಟ್ ಇನ್ನೂ ಮಳೆಗಾಲವೇ. ಹಾಲು-ತೆಂಗಿನಕಾಯಿ ಅರ್ಪಿಸಿದ ಮರುದಿನವೂ ಬಾಗಿಲು ನೋಡಿಯೇ ಹೊರಡಬೇಕು.

ಪ್ರಶ್ನೆ: ಜೂನ್-ಜುಲೈಯಲ್ಲಿ ನಾಡದೋಣಿಯವರು ಹೋಗ್ತಾರಲ್ಲ, ನಾವು ಯಾಕೆ ಹೋಗಬಾರದು?

ಅವರು ಹೋದ ದಿನ ನಿಮಗೆ ಕಾಣುತ್ತದೆ. ದಡದಲ್ಲಿ ಕೂತು ಕಾದ ದಿನಗಳು ಕಾಣುವುದಿಲ್ಲ. ಹೋಗಬೇಡಿ.

ಪ್ರಶ್ನೆ: ಲೈಫ್ ಜಾಕೆಟ್ ಸೆಕೆ ಆಗುತ್ತದೆ, ಸೀಟಿನ ಕೆಳಗಿಟ್ಟರೆ ಸಾಕಾ?

ಸಾಲದು. ಮೈಮೇಲಿರಲಿ, ಬಕಲ್ ಹಾಕಿರಲಿ. ಕೋಸ್ಟ್ ಗಾರ್ಡ್ ನಂಬರ್ 1554, ಆರೂ ಜನರ ಫೋನಿನಲ್ಲಿರಲಿ.