ಎಲ್ಲ ತೆರೆದಿಟ್ಟಿದ್ದರೆ ವ್ಯಾಪಾರ ಉಳಿಯುತ್ತಿತ್ತಾ?

ನೀವು ಕೇಳಿದ್ದು ಇದು: ಸಾಂಕ್ರಾಮಿಕ ರೋಗ ಬಂದಾಗ ಸರ್ಕಾರ ಜನರ ಜೀವ ನೋಡಬೇಕೋ, ಹೊಟ್ಟೆಪಾಡು ನೋಡಬೇಕೋ? ಕೊರೊನಾ ಕಾಲದಲ್ಲಿ ಎಲ್ಲ ಮುಚ್ಚಿ ಆರ್ಥಿಕತೆ ಹಾಳು ಮಾಡಿದ್ದು ತಪ್ಪಲ್ವಾ?

ನಾನು ಅರ್ಥಶಾಸ್ತ್ರ ಪಾಠ ಮಾಡುವವನು. 2020ರ ಮಾರ್ಚ್‌ನಲ್ಲಿ ನಾನೂ ಇದನ್ನು ತಕ್ಕಡಿಯ ಹಾಗೇ ನೋಡುತ್ತಿದ್ದೆ. ಒಂದು ತಟ್ಟೆಯಲ್ಲಿ ಪ್ರಾಣ, ಇನ್ನೊಂದರಲ್ಲಿ ದುಡಿಮೆ. ಈಗ ಹಾಗೆ ಅನ್ನಿಸುವುದಿಲ್ಲ.

"ಮುಚ್ಚಿದ್ದರಿಂದ ಇಷ್ಟು ನಷ್ಟ ಆಯಿತು" ಅಂತ ಲೆಕ್ಕ ಹಾಕುವಾಗ ನಾವು ಹಿಂದಿನ ವರ್ಷದ ಜೊತೆ ಹೋಲಿಸುತ್ತೇವೆ. ಅಂದರೆ ರೋಗವೇ ಇಲ್ಲದ ವರ್ಷದ ಜೊತೆ. ಆದರೆ ಆ ವರ್ಷ ನಮ್ಮ ಕೈಯಲ್ಲಿ ಇರಲೇ ಇಲ್ಲ. ಊರೆಲ್ಲ ರೋಗ ಇದೆ, ಅಂಗಡಿ ಬಾಗಿಲು ಮಾತ್ರ ತೆರೆದಿದೆ. ಹೋಲಿಸಬೇಕಾದ್ದು ಆ ಸ್ಥಿತಿಯ ಜೊತೆ. ಅಂಥ ಅಂಗಡಿಗೆ ಎಷ್ಟು ಜನ ಬರುತ್ತಾರೆ?

ಇದನ್ನು ಅಳೆದು ನೋಡಿದವರಿದ್ದಾರೆ. ಡೆನ್ಮಾರ್ಕ್ ಮತ್ತು ಸ್ವೀಡನ್ ಅಕ್ಕಪಕ್ಕದ ದೇಶಗಳು. 2020ರ ಮಾರ್ಚ್‌ನಲ್ಲಿ ಡೆನ್ಮಾರ್ಕ್ ಬಿಗಿಯಾಗಿ ಮುಚ್ಚಿತು, ಸ್ವೀಡನ್ ಬಹುತೇಕ ತೆರೆದೇ ಇತ್ತು. ಅರ್ಥಶಾಸ್ತ್ರಜ್ಞರು ಬ್ಯಾಂಕ್ ಗ್ರಾಹಕರ ಖರ್ಚಿನ ಲೆಕ್ಕ ತೆಗೆದರು. ತೆರೆದಿದ್ದ ಸ್ವೀಡನ್‌ನಲ್ಲೇ ಖರ್ಚು ಸುಮಾರು ಶೇ. 25 ಇಳಿದಿತ್ತು. ಮುಚ್ಚಿದ ಡೆನ್ಮಾರ್ಕ್‌ನಲ್ಲಿ ಶೇ. 29. ಬಾಗಿಲು ಹಾಕಿದ್ದರಿಂದ ಜಾಸ್ತಿ ಆದ ಪೆಟ್ಟು ಬರೀ 4. ಉಳಿದದ್ದೆಲ್ಲ ವೈರಸ್ ಕೊಟ್ಟ ಪೆಟ್ಟು. ಇನ್ನೊಂದು ಮಾತು ನನಗೆ ತುಂಬಾ ಮುಖ್ಯ ಅನ್ನಿಸಿತು. ಅಪಾಯ ಹೆಚ್ಚಿದ್ದ ವಯಸ್ಸಾದವರ ಖರ್ಚು ಡೆನ್ಮಾರ್ಕ್‌ನಲ್ಲೇ ಕಡಿಮೆ ಇಳಿದಿತ್ತು. ಸುತ್ತ ರೋಗ ಕಡಿಮೆ ಇದ್ದದ್ದರಿಂದ ಅವರಿಗೆ ಸ್ವಲ್ಪ ಧೈರ್ಯ ಇತ್ತು.

ಅಮೆರಿಕದಲ್ಲಿ ಮೊಬೈಲ್ ಫೋನ್ ದತ್ತಾಂಶ ಇಟ್ಟುಕೊಂಡು ಮಾಡಿದ ಅಧ್ಯಯನವೂ ಇದನ್ನೇ ಹೇಳಿತು. ಅಂಗಡಿಗಳಿಗೆ ಬರುವ ಗ್ರಾಹಕರು ಶೇ. 60ರಷ್ಟು ಕಡಿಮೆಯಾಗಿದ್ದರು. ಆ 60ರಲ್ಲಿ ಸರ್ಕಾರದ ಆದೇಶದಿಂದ ಆದದ್ದು 7 ಮಾತ್ರ.

ಹಾಗಾದರೆ ಆದೇಶವೇ ಬೇಡ, ಜನ ತಾವೇ ಮನೆಯಲ್ಲಿ ಇರುತ್ತಾರಲ್ಲ ಅಂತ ನೀವು ಕೇಳಬಹುದು. ತಾವಾಗಿಯೇ ಮನೆಯಲ್ಲಿ ಇರಲು ಆಗುವುದು ಯಾರಿಗೆ ಹೇಳಿ? ಲ್ಯಾಪ್‌ಟಾಪ್ ಮುಂದೆ ಕೂತು ಸಂಬಳ ಪಡೆಯುವವರಿಗೆ. ನನ್ನಂಥವರಿಗೆ. ದಿನಗೂಲಿಯವರು ಹೆದರಿಕೊಂಡೇ ಕೆಲಸಕ್ಕೆ ಹೋಗುತ್ತಾರೆ, ಯಾಕೆಂದರೆ ಮಾಲೀಕರು ಕರೆಯುತ್ತಾರೆ. ಆದೇಶ ಇದ್ದರೆ ಯಾರೂ ಅವರನ್ನು ಕರೆಯುವ ಹಾಗಿಲ್ಲ. ಆದರೆ ಬರೀ ಆದೇಶ ಕೊಟ್ಟು ಕೈತೊಳೆದುಕೊಂಡರೆ ಅದು ಅವರಿಗೆ ಶಿಕ್ಷೆ. ಬ್ರಿಟನ್‌ನಲ್ಲಿ ಕೆಲಸ ನಿಂತವರಿಗೆ ಸರ್ಕಾರವೇ ಸಂಬಳದ ಶೇ. 80ರಷ್ಟು ಕೊಟ್ಟಿತು, ತಿಂಗಳಿಗೆ 2,500 ಪೌಂಡ್ ಮಿತಿಯವರೆಗೆ. ಈ ದುಡ್ಡನ್ನು ದಾನ ಅಂತಲೋ, ಆರ್ಥಿಕ ಪ್ಯಾಕೇಜ್ ಅಂತಲೋ ಕರೆಯುವುದನ್ನು ನಾನು ಒಪ್ಪುವುದಿಲ್ಲ. ಆಕ್ಸಿಜನ್ ಸಿಲಿಂಡರ್ ಹೇಗೋ ಇದೂ ಹಾಗೇ. ಸಿಗದಿದ್ದರೆ ಸೋಂಕಿತರು ಜ್ವರ ಮುಚ್ಚಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಾರೆ, ರೋಗ ಹರಡುತ್ತದೆ.

ಇನ್ನು ಯಾವಾಗ ಮುಚ್ಚಬೇಕು ಅನ್ನುವ ಮಾತು. ಸೋಂಕು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಿದೆ ಅಂದುಕೊಳ್ಳಿ. ಇವತ್ತು 100 ಇದ್ದದ್ದು ಮೂರು ವಾರಕ್ಕೆ 12,800 ಆಗುತ್ತದೆ. ವ್ಯಾಪಾರ ಉಳಿಸೋಣ ಅಂತ ಮೂರು ವಾರ ಕಾದವರಿಗೆ ಕೊನೆಗೆ ಮುಚ್ಚುವುದೂ ತಪ್ಪುವುದಿಲ್ಲ, ಅದೂ ಹೆಚ್ಚು ದಿನ. 1918ರ ಫ್ಲೂ ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರವೂ ಹೀಗೇ ತಡ ಮಾಡಿತು. ನಗರಕ್ಕೆ ರೋಗ ಬಂದದ್ದು ಗೊತ್ತಿತ್ತು. ಆದರೂ ಸೆಪ್ಟೆಂಬರ್ 28ರಂದು ಯುದ್ಧದ ಸಾಲಪತ್ರ ಮಾರಲು ದೊಡ್ಡ ಮೆರವಣಿಗೆ ನಡೆಸಿದರು. ಸುಮಾರು 2 ಲಕ್ಷ ಜನ ಸೇರಿದರು. ಒಂದು ವಾರ ಆಗುವಷ್ಟರಲ್ಲಿ ಶಾಲೆ, ಚರ್ಚು, ಚಿತ್ರಮಂದಿರ ಎಲ್ಲ ಮುಚ್ಚಬೇಕಾಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಅಮೆರಿಕದ ಇನ್ನೊಂದು ನಗರ ಸೇಂಟ್ ಲೂಯಿಸ್ ಮೊದಲ ಪ್ರಕರಣಗಳು ಕಂಡ ಕೆಲವೇ ದಿನಗಳಲ್ಲಿ ಮುಚ್ಚಿತು. ಅಲ್ಲಿ ಸಾವು ಎಷ್ಟೋ ಕಡಿಮೆ. ಜನರೂ ಹೋದರು, ಕೊನೆಗೆ ಬಾಗಿಲೂ ಹಾಕಬೇಕಾಯಿತು ಅಂದರೆ ಅದು ಫಿಲಡೆಲ್ಫಿಯಾದ ಕತೆ.

ಇಷ್ಟು ಹೇಳಿದ್ದಕ್ಕೆ ಮುಚ್ಚಿದ್ದೆಲ್ಲ ಸರಿ ಅಂತ ತಿಳಿಯಬೇಡಿ. ನಿಮ್ಮ ಪ್ರಶ್ನೆಯಲ್ಲಿ ಮಕ್ಕಳ ಮಾತಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಅದೇ. 2020ರಲ್ಲಿ ಒಂದು ಹಂತದಲ್ಲಿ ಜಗತ್ತಿನ ಸುಮಾರು 160 ಕೋಟಿ ವಿದ್ಯಾರ್ಥಿಗಳಿಗೆ ತರಗತಿ ಇರಲಿಲ್ಲ. ಮೊದಲ ಕೆಲವು ವಾರ ಅದು ಸರಿಯೇ, ಆಗ ರೋಗದ ಸ್ವಭಾವವೇ ಯಾರಿಗೂ ಅರ್ಥವಾಗಿರಲಿಲ್ಲ. ಆಮೇಲೆ? ಎಷ್ಟೋ ಕಡೆ ಬಾರು, ರೆಸ್ಟೋರೆಂಟು, ಮಾಲ್ ತೆರೆದ ಮೇಲೂ ಶಾಲೆ ಮುಚ್ಚಿಯೇ ಇತ್ತು. ಆದರೆ ಸ್ವೀಡನ್ 16 ವರ್ಷದೊಳಗಿನವರ ಶಾಲೆಗಳನ್ನು ಬಹುತೇಕ ತೆರೆದೇ ಇಟ್ಟಿತ್ತು. ಆ ಒಂದು ವಿಷಯದಲ್ಲಿ ಅವರ ತೀರ್ಮಾನ ನನಗೆ ಸರಿ ಅನ್ನಿಸುತ್ತದೆ. ಮುಚ್ಚಿದ ಬಾರಿನ ನಷ್ಟ ಆ ವರ್ಷದ ಜಿಡಿಪಿಯಲ್ಲೇ ಕಾಣಿಸುತ್ತದೆ. ಓದು ಬಿಟ್ಟು ದುಡಿಯಲು ಹೋದ ಹದಿಮೂರು ವರ್ಷದ ಹುಡುಗಿಯ ನಷ್ಟ ಯಾವ ಲೆಕ್ಕದಲ್ಲೂ ಕಾಣಿಸಲಿಲ್ಲ. ಹಾಗಾಗಿಯೇ ಅದನ್ನು ಯಾರೂ ತೂಗಿ ನೋಡಲಿಲ್ಲ.