ಓದುಗರ ಪ್ರಶ್ನೆ: ಕಾಗಿಣಾ ಹೊಳೆ ದಂಡೆಯ ಮಳಖೇಡದಲ್ಲಿ ಅರ್ಧ ದಿನ

ಪ್ರಶ್ನೆ: ಚಳಿಗಾಲದಲ್ಲಿ ಕಲಬುರಗಿಗೆ ಮದುವೆಗೆ ಬರುತ್ತಿದ್ದೇವೆ. ಮರುದಿನ ಮಧ್ಯಾಹ್ನದವರೆಗೆ ಬಿಡುವಿದೆ. ಗೈಡ್ ಇಲ್ಲದೆ ಮಳಖೇಡ ಸುತ್ತಬಹುದೆ? ನಮ್ಮ ಅತ್ತೆಯವರಿಗೆ ಮೊಣಕಾಲು ನೋವು.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ. ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಸೇಡಂ ಬಸ್ ಹತ್ತುವ ಮೊದಲೇ ಮಳಖೇಡದಲ್ಲಿ ನಿಲ್ಲಿಸುತ್ತಾರೆಯೇ ಎಂದು ಕಂಡಕ್ಟರರನ್ನು ಕೇಳಿಕೊಳ್ಳಿ. ರೈಲು ಬೇಡ, ‘ಮಳಖೇಡ ರೋಡ್’ ನಿಲ್ದಾಣ ಊರಿನಿಂದ ದೂರ, ಅಲ್ಲಿಳಿದು ಮತ್ತೆ ಆಟೊ ಹುಡುಕಬೇಕು.

ಬೆಳಿಗ್ಗೆ ಎಂಟರೊಳಗೆ ಊರಲ್ಲಿರಿ. ಮೊದಲು ಕೋಟೆ. ಪರಸಿ ಕಲ್ಲಿನ ಸೀಮೆ ಇದು, ಹತ್ತರ ಮೇಲೆ ಚಳಿಗಾಲದಲ್ಲೂ ಕಲ್ಲು ಕಾಯತೊಡಗುತ್ತದೆ. ಅತ್ತೆಯವರು ಹೆಬ್ಬಾಗಿಲ ಸುತ್ತಮುತ್ತ ನೋಡಿದರೆ ಸಾಕು. ಗೋಡೆ ಹತ್ತುವವರು ಅಂಚಿನಿಂದ ಎರಡು ಮಾರು ಒಳಗೇ ನಡೆಯಿರಿ. ಹೊರಗೆ ಕಲ್ಲು ಕಟ್ಟಿ ನಡುವೆ ಮಣ್ಣು, ಚೂರುಗಲ್ಲು ತುಂಬಿದ ಹಳೆಯ ಗೋಡೆಗೆ ಮಳೆನೀರು ಇಳಿದರೆ ಒಳಗಿನ ಮಣ್ಣು ಉಬ್ಬಿ ಹೊರಗಿನ ಕಲ್ಲನ್ನು ದೂಡುತ್ತದೆ. ಮೇಲೆ ಗಟ್ಟಿಯಾಗಿ ಕಂಡರೂ ಅಂಚು ನಂಬುವಂಥದ್ದಲ್ಲ. ಜಾಲಿಮುಳ್ಳು ತೆಳು ಚಪ್ಪಲಿಯನ್ನು ತೂರಿ ಬರುತ್ತದೆ. ಬೂಟು ಹಾಕಿ, ಆದರೆ ಲೇಸಿಲ್ಲದ್ದು. ಮುಂದೆ ಎರಡು ಕಡೆ ಬಿಚ್ಚಬೇಕು.

ಅಲ್ಲಿಂದ ನೇಮಿನಾಥ ಬಸದಿ. ಅವಸರ ಮಾಡಬಾರದ ಜಾಗ ಇದೇ. ಒಳಗಿರುವ ಪಂಚಲೋಹದ ಪುಟ್ಟ ಮಂಟಪದಲ್ಲಿ 96 ಬಿಂಬಗಳಿವೆ. ಬಾಗಿಲು ಹಾಕಿದ್ದರೆ ಪಕ್ಕದವರನ್ನು ಕೇಳಿ. ಚರ್ಮದ ಬೆಲ್ಟು, ಪರ್ಸು ಹೊರಗಿಡುವುದು ಮರ್ಯಾದೆ.

ಕೊನೆಗೆ ಹೊಳೆ ದಂಡೆಯ ಉತ್ತರಾದಿ ಮಠ. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದ ಟೀಕಾಚಾರ್ಯ ಜಯತೀರ್ಥರ ವೃಂದಾವನಕ್ಕೆ ಭಕ್ತರು ಬರುವುದು ಇಲ್ಲಿಗೆ. ಗಂಡಸರು ಅಂಗಿ ತೆಗೆದು ಒಳಹೋಗುವುದು ಮಾಧ್ವ ಮಠಗಳ ರೂಢಿ. ಒಂದು ಶಲ್ಯ ಜೊತೆಗಿರಲಿ. ತಲಾ ಎರಡು ಲೀಟರ್ ನೀರು ಕಲಬುರಗಿಯಿಂದಲೇ ಒಯ್ಯಿರಿ.

ಪ್ರಶ್ನೆ: ಕೋಟೆಯಲ್ಲಿ ನೃಪತುಂಗನ ಅರಮನೆ ಯಾವುದು?
– ವಿದ್ಯಾರ್ಥಿನಿ, ಬೀದರ್

ಉತ್ತರ: ಇದೇ ಎಂದು ತೋರಿಸುವಂಥ ಅರಮನೆ ನಿಂತಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ (ಆಳ್ವಿಕೆ 814–878) ರಾಜಧಾನಿ ಮಾಡಿಕೊಂಡ ಮಾನ್ಯಖೇಟವನ್ನು, ಅಂದರೆ ಇಂದಿನ ಮಳಖೇಡವನ್ನು, 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಕೊಳ್ಳೆ ಹೊಡೆದ. ಮರುವರ್ಷ ಚಾಲುಕ್ಯರ ತೈಲಪನ ಕೈಗೆ ರಾಜ್ಯವೇ ಹೋಯಿತು. ಮುಂದೆ ಚಾಲುಕ್ಯರ ರಾಜಧಾನಿ ನಿಮ್ಮ ಜಿಲ್ಲೆಯ ಕಲ್ಯಾಣಕ್ಕೆ ಸರಿಯಿತು. ಗುರುತಿಗೆ ಒಂದು ಸೂತ್ರ: ಚೂಪು ಕಮಾನು, ಫಿರಂಗಿಗೆಂದು ಕಟ್ಟಿದ ದುಂಡು ಬುರುಜು ಕಂಡರೆ ಅದು ಸುಲ್ತಾನರ ಕಾಲದ ಕೆಲಸ. ರಾಷ್ಟ್ರಕೂಟರ ಕಾಲದ ಕೈಚಳಕ ಬೇಕೆಂದರೆ ಬಸದಿಯ ಹಳೆಯ ಕಂಬಗಳ ಮುಂದೆ ಕೂತುಕೊಳ್ಳಿ. ಸುಣ್ಣ, ಪೇಂಟು ಬಳಿದ ಕಡೆ ಮಾತ್ರ ಕಾಲ ನಿರ್ಣಯಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಜಯತೀರ್ಥರ ಆರಾಧನೆಗೇ ಬಂದು ಊರನ್ನೂ ನೋಡಬಹುದಲ್ಲ?
– ಓದುಗರು, ಯಾದಗಿರಿ

ಉತ್ತರ: ಆರಾಧನೆ ಬರುವುದು ಆಷಾಢ ಬಹುಳ ಪಂಚಮಿಗೆ, ಅಂದರೆ ಮಳೆಗಾಲದ ನಡುವೆ. ಜನಸಂದಣಿ ಹೇಗೋ ಸಹಿಸಬಹುದು, ಕಾಗಿಣಾ ತುಂಬಿದರೆ ಮಠದೊಳಗೇ ನೀರು ನುಗ್ಗುತ್ತದೆ. ಸೇತುವೆ ಮುಳುಗಿದರೆ ಸೇಡಂ ರಸ್ತೆಯೂ ಬಂದ್. ಮೇಲ್ದಂಡೆಯಲ್ಲಿ, ಚಿಂಚೋಳಿ ಕಡೆ, ಜೋರು ಮಳೆಯೆಂಬ ಸುದ್ದಿ ಇದ್ದರೆ ಮಳಖೇಡದಲ್ಲಿ ಬಿಸಿಲಿದ್ದರೂ ಹೊರಡಬೇಡಿ.