ದೊಡ್ಡ ಕಣ್ಣು ಬರೆದರೆ ಮಂಗಾ ಆಗುತ್ತದೆಯೇ?

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ, ಊರು ದಾವಣಗೆರೆ. ನಲವತ್ತು ಪುಟಗಳ ಚಿತ್ರಕಥೆಯೊಂದನ್ನು ಕನ್ನಡದಲ್ಲಿ ಮಾಡಿದ್ದೇನೆ. ಕಣ್ಣು, ಕೂದಲು ಎಲ್ಲವೂ ಜಪಾನಿ ಶೈಲಿಯಲ್ಲಿವೆ. ಪುಟಗಳನ್ನು ಬಲದಿಂದ ಎಡಕ್ಕೆ ಜೋಡಿಸಿದ್ದೇನೆ. ಮುಖಪುಟದಲ್ಲಿ ‘ಕನ್ನಡ ಮಂಗಾ’ ಎಂದು ಹಾಕಿದ್ದಕ್ಕೆ ಅಣ್ಣ ನಗುತ್ತಾನೆ. ಮಂಗಾ ಎಂದರೆ ಜಪಾನಿನ ಚಿತ್ರಕಥೆ, ಅಲ್ಲಿ ಹುಟ್ಟದ್ದು ಮಂಗಾ ಅಲ್ಲವಂತೆ. ಅದೇ ಅಣ್ಣ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಎಂಬ ಕಾರ್ಟೂನ್ ಸರಣಿ ಅನಿಮೆಯೇ, ಅಂದರೆ ಜಪಾನಿ ಅನಿಮೇಷನ್ನೇ, ಎಂದು ಪಟ್ಟು ಹಿಡಿದಿದ್ದಾನೆ. ಯಾರು ಸರಿ?

ಉತ್ತರ: ನಿಮ್ಮ ಅಣ್ಣನವರ ಹತ್ತಿರ ಎರಡು ಅಳತೆಗೋಲುಗಳಿವೆ, ತಂಗಿಗೊಂದು, ಟಿ.ವಿ.ಗೊಂದು. ‘ಅವತಾರ್’ 2005ರಲ್ಲಿ ಅಮೆರಿಕದ ನಿಕೆಲೋಡಿಯನ್ ವಾಹಿನಿಯಲ್ಲಿ ಆರಂಭವಾದ ಸರಣಿ. ಕಥೆ ಕಟ್ಟಿದವರು ಅಮೆರಿಕದವರು, ಚಿತ್ರಗಳಿಗೆ ಚಲನೆ ಕೊಟ್ಟದ್ದು ಕೊರಿಯಾದ ಸ್ಟುಡಿಯೊಗಳು. ಜಪಾನಿನ ಪ್ರಭಾವ ಅದರ ಮೇಲೆ ದಟ್ಟವಾಗಿದೆ ಎಂಬುದು ನಿಜ, ಆದರೆ ಅದರ ಹುಟ್ಟೂರು ಜಪಾನ್ ಅಲ್ಲ.

ಪದಗಳ ಕಥೆಯನ್ನೇ ನೋಡಿ. ‘ಮಂಗ’ನ ಕಾಟ ತಪ್ಪಿಸಿಕೊಳ್ಳಲು ನಾವು ‘ಮಂಗಾ’ ಎಂದು ಎಳೆಯುತ್ತೇವೆ. ಜಪಾನಿಯರ ಬಾಯಲ್ಲಿ ಅದು ಹ್ರಸ್ವವೇ, ಥೇಟ್ ನಮ್ಮ ಮಂಗ! ‘ಮನ್’ ಎಂದರೆ ಲಹರಿ ಬಂದಂತೆ, ‘ಗ’ ಎಂದರೆ ಚಿತ್ರ. ಜಪಾನಿನ ಚಿತ್ರಕಾರ ಹೊಕುಸಾಯ್ 1814ರಲ್ಲಿ ‘ಹೊಕುಸಾಯ್ ಮಂಗಾ’ದ ಮೊದಲ ಸಂಪುಟ ತಂದಾಗ ಅದರಲ್ಲಿ ಕಥೆಯೇ ಇರಲಿಲ್ಲ, ಮನುಷ್ಯರು, ಹಕ್ಕಿ, ಮೀನು, ಗಿಡ ಎಂದು ಕೈ ಹೋದತ್ತ ಬರೆದ ರೇಖಾಚಿತ್ರಗಳಿದ್ದವು. ಚೌಕ ಚೌಕವಾಗಿ ಕಥೆ ಹೇಳುವ ಪುಸ್ತಕಕ್ಕೆ ಆ ಹೆಸರು ಅಂಟಿಕೊಂಡದ್ದು 20ನೇ ಶತಮಾನದಲ್ಲಿ. ಇನ್ನು ‘ಅನಿಮೆ’ ಎಂಬುದು ‘ಅನಿಮೇಷನ್’ ಪದದ ಬಾಲ ಕತ್ತರಿಸಿದ ರೂಪ. ಜಪಾನಿನಲ್ಲಿ ಡಿಸ್ನಿ ಚಿತ್ರವೂ ಅನಿಮೆಯೇ. ‘ಜಪಾನಿನದ್ದು ಮಾತ್ರ ಅನಿಮೆ’ ಎಂಬ ಬೇಲಿ ಹಾಕಿದವರು ಹೊರಗಿನ ಅಭಿಮಾನಿಗಳು, ಅಂದರೆ ನಿಮ್ಮ ಅಣ್ಣನಂಥವರು ಮತ್ತು ನಾನು. ಬೇಲಿ ಕೆಲಸಕ್ಕೆ ಬರುತ್ತದೆ, ನಾನೂ ಬಳಸುತ್ತೇನೆ. ಆದರೆ ಅದನ್ನು ಎಲ್ಲಿ ನೆಡಬೇಕೆಂಬುದೇ ತಂಟೆ.

ಕಣ್ಣಿನ ಗಾತ್ರದ ಮೇಲಂತೂ ನೆಡಲಾಗದು. ಮಂಗಾದ ದೊಡ್ಡ ಕಣ್ಣುಗಳನ್ನು ರೂಢಿಗೆ ತಂದ ಒಸಾಮು ತೆಜುಕಾ ಅವರೇ ಡಿಸ್ನಿಯ ಕಟ್ಟಾ ಅಭಿಮಾನಿ. ‘ಜಪಾನಿ ಕಣ್ಣು’ ಎಂದು ನಾವು ಹೇಳುವುದರಲ್ಲಿ ಡಿಸ್ನಿಯ ‘ಬ್ಯಾಂಬಿ’ ಎಂಬ ಅಮೆರಿಕದ ಜಿಂಕೆಮರಿಯ ಪಾಲೂ ಇದೆ. ಇನ್ನೊಂದೆಡೆ, 1969ರಿಂದ ಇಂದಿನವರೆಗೂ ಜಪಾನಿನ ಟಿ.ವಿ.ಯಲ್ಲಿ ನಡೆಯುತ್ತಿರುವ ‘ಸಜಾಎ-ಸಾನ್’ ಸರಣಿಯ ಗೃಹಿಣಿಯ ಕಣ್ಣು ಪುಟ್ಟ ಚುಕ್ಕೆ. ಅದನ್ನು ಅನಿಮೆ ಅಲ್ಲ ಎನ್ನುವ ಧೈರ್ಯ ನನಗಿಲ್ಲ.

ಚಿತ್ರ ಬರೆದ ಕೈ ಯಾವ ದೇಶದ್ದು ಎಂಬುದೂ ಸಾಲದು. ಅನೇಕ ಅನಿಮೆಗಳ ಕೊನೆಯಲ್ಲಿ ಸರಿಯುವ ಹೆಸರುಗಳಲ್ಲಿ ‘ದೋಗಾ’ ಎಂಬ ಸಾಲನ್ನು ಗಮನಿಸಿ. ಮುಖ್ಯ ಭಂಗಿಗಳ ನಡುವಿನ ಚಿತ್ರಗಳನ್ನು ತುಂಬುವ ಕೆಲಸ ಅದು. ಅಲ್ಲಿ ಕೊರಿಯಾ, ಚೀನಾಗಳ ಹೆಸರುಗಳು ಸಾಲುಗಟ್ಟಿರುತ್ತವೆ. ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಯಾವ ದೃಶ್ಯ ಎಷ್ಟು ಹೊತ್ತು ನಿಲ್ಲಬೇಕು, ಮುಖ ಯಾವಾಗ ತಿರುಗಬೇಕು ಎಂಬುದನ್ನು ಎಲ್ಲಿ ಕುಳಿತು ತೀರ್ಮಾನಿಸಿದರು? ಈ ಪ್ರಶ್ನೆಯಿಂದ ‘ಅವತಾರ್’ ಹೊರಗೆ ಹೋಗುತ್ತದೆ, ಬದಲಿಗೆ ನಾವು ನೆನಸದ ಅತಿಥಿಯೊಬ್ಬ ಒಳಗೆ ಬರುತ್ತಾನೆ. 90ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದ ಮುಂದೆ ಕುಳಿತವರು ನಿಮ್ಮ ಮನೆಯಲ್ಲಿದ್ದರೆ ಮೋಗ್ಲಿಯ ವಿಚಾರ ಕೇಳಿ. ಭಾರತದ ಕಾಡು, ಹಿಂದಿ ಹಾಡು. ನಮ್ಮದೇ ಎಂದು ನಂಬಿದ್ದೆವು. ಅದು ನಿಪ್ಪಾನ್ ಅನಿಮೇಷನ್ ಸಂಸ್ಥೆ 1989ರಲ್ಲಿ ಜಪಾನಿನಲ್ಲಿ ಮಾಡಿದ ಸರಣಿ.

ಬೇಲಿಯ ಮೇಲೆಯೇ ಕುಳಿತಿರುವ ಕೃತಿಯೂ ಇದೆ. ಜಪಾನಿನ ಯುಗೊ ಸಾಕೊ ಮತ್ತು ನಮ್ಮ ಅನಿಮೇಷನ್ ಕಲಾವಿದ ರಾಮ್ ಮೋಹನ್ ಜೊತೆಗೂಡಿ ಮಾಡಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದಿತ್ತು. ನನ್ನ ಲೆಕ್ಕದಲ್ಲಿ ಅದು ಅನಿಮೆಯೂ ಹೌದು, ಭಾರತದ ಚಿತ್ರವೂ ಹೌದು. ಎರಡು ಮನೆಯ ಕೂಸಿಗೆ ಒಂದೇ ಪಡಿತರ ಚೀಟಿ ಕೇಳಬಾರದು.

ಈಗ ನಿಮ್ಮ ಪುಸ್ತಕ. ಜಪಾನಿನ ವಿದೇಶಾಂಗ ಸಚಿವಾಲಯ 2007ರಿಂದ ‘ಅಂತರರಾಷ್ಟ್ರೀಯ ಮಂಗಾ ಪ್ರಶಸ್ತಿ’ ಕೊಡುತ್ತಿದೆ. ಅದು ಇರುವುದೇ ಹೊರದೇಶದವರ ಕೃತಿಗಳಿಗೆ. ಅಲ್ಲಿನ ಸರ್ಕಾರಕ್ಕಿಲ್ಲದ ತಕರಾರು ನಿಮ್ಮ ಅಣ್ಣನವರಿಗೇಕೆ? ‘ಕನ್ನಡ ಮಂಗಾ’ ಎಂದೇ ಇರಲಿ. ‘ಜಪಾನಿ ಮಂಗಾ’ ಎಂದು ಮಾರಿದ್ದರೆ ಮಾತ್ರ ನಾನು ಅಣ್ಣನ ಪಕ್ಷ.

ಆದರೆ ಪುಟಗಳನ್ನು ಬಲದಿಂದ ಎಡಕ್ಕೆ ಜೋಡಿಸಿದ್ದೀರಲ್ಲ, ಅದನ್ನು ಬಿಟ್ಟುಬಿಡಿ. ಜಪಾನಿಯರು ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಬರೆದು ಸಾಲುಗಳನ್ನು ಬಲದಿಂದ ಎಡಕ್ಕೆ ಸಾಗಿಸುವುದರಿಂದ ಅವರ ಪುಟ ಹಾಗಿದೆ; ಅದು ಅಲಂಕಾರವಲ್ಲ. ಹಿಂದೆ ಅಮೆರಿಕದ ಪ್ರಕಾಶಕರು ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕಿದಾಗ ಬಲಗೈಯಲ್ಲಿ ಕತ್ತಿ ಹಿಡಿದ ಸಮುರಾಯ್‌ಗಳೆಲ್ಲ ಎಡಚರಾಗಿಬಿಟ್ಟಿದ್ದರು. ನೀವು ಮಾಡಿರುವುದು ಅದರ ಉಲ್ಟಾ. ಕನ್ನಡದ ಮಾತು ಎಡದಿಂದ ಓಡುತ್ತಿದೆ, ಚೌಕಗಳು ಬಲದಿಂದ ಎದುರು ಬರುತ್ತಿವೆ. ಓದುಗರ ಕಣ್ಣು ಪ್ರತಿ ಸಾಲಿನಲ್ಲೂ ಎಡವುತ್ತದೆ.

ಕಲಿಯಬೇಕಾದದ್ದು ಬೇರೆ ಇದೆ. ಮಂಗಾದಲ್ಲಿ ಸದ್ದನ್ನು ಚಿತ್ರದೊಳಗೇ ಬರೆಯುತ್ತಾರೆ. ಎದೆ ಬಡಿದರೆ ‘ದೋಕಿ ದೋಕಿ’. ಯಾರೂ ಮಾತಾಡದೆ ಕೋಣೆ ಸ್ತಬ್ಧವಾದರೆ ‘ಶೀನ್’. ಮೌನಕ್ಕೂ ಅವರಲ್ಲಿ ಒಂದು ಸದ್ದಿದೆ! ಡವಡವ, ಗಪ್‌ಚಿಪ್, ಮಿಣಮಿಣ, ಬಿಕೋ ಎಂದೆಲ್ಲ ಇಟ್ಟುಕೊಂಡಿರುವ ಕನ್ನಡಕ್ಕೆ ಈ ವಿಷಯದಲ್ಲಿ ಸಾಲ ತರುವ ಅಗತ್ಯವಿಲ್ಲ. ಖಾಲಿ ಮನೆಯ ಚಿತ್ರದ ಅಡ್ಡಕ್ಕೆ ‘ಬಿಕೋ’ ಎಂದು ಉದ್ದಕ್ಕೆ ಎಳೆದು ಬರೆದು ನೋಡಿ.

ಪ್ರಶ್ನೆ: ‘ಸೋಲೊ ಲೆವೆಲಿಂಗ್’ ಪುಸ್ತಕವನ್ನು ಮಂಗಾ ಎಂದಿದ್ದಕ್ಕೆ ಮಗ ನನ್ನನ್ನು ತಿದ್ದಿದ. ವ್ಯತ್ಯಾಸವೇನು?

ಉತ್ತರ: ಮಗನ ಮಾತು ಸರಿ. ಅದು ಕೊರಿಯಾದ್ದು, ಅಲ್ಲಿನವರು ‘ಮನ್ಹ್ವಾ’ ಎನ್ನುತ್ತಾರೆ. ಜಪಾನಿನ ಮಂಗಾ, ಕೊರಿಯಾದ ಮನ್ಹ್ವಾ, ಚೀನಾದ ಮನ್ಹುವಾ ಮೂರೂ ಒಂದೇ ಜೋಡಿ ಚೀನೀ ಅಕ್ಷರಗಳ ಮೂರು ಉಚ್ಚಾರಣೆಗಳು. ‘ಸೋಲೊ ಲೆವೆಲಿಂಗ್’ ಚಿತ್ರಕಥೆಯನ್ನು ಮೊದಲು ರೂಪಿಸಿದ್ದು ಮೊಬೈಲಿನಲ್ಲಿ ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಓದುವುದಕ್ಕೆ. ಬಣ್ಣವೂ ಉದ್ದುದ್ದ ಚೌಕಗಳೂ ಅದಕ್ಕಾಗಿಯೇ. 2024ರಲ್ಲಿ ಟಿ.ವಿ.ಗೆ ಬಂದ ಸರಣಿಯನ್ನು ಮಾತ್ರ ಧಾರಾಳವಾಗಿ ಅನಿಮೆ ಎನ್ನಿ, ಅದನ್ನು ಮಾಡಿದ್ದು ಜಪಾನಿನ ಸ್ಟುಡಿಯೊ. ಪುಸ್ತಕವನ್ನಂತೂ ನಮ್ಮ ಪುಸ್ತಕಗಳ ಹಾಗೆ ಎಡದಿಂದಲೇ ಓದಿ.